ಕುತ್ತಿಗೆ ಮಟ್ಟದ ನೀರು

೧೯೯೮ರ ಏಪ್ರಿಲ್ ೧೭, ಶುಕ್ರವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಂಭಾವಿಯ ದರ್ಜಿ ಮೌನಪ್ಪ ಯಾದಗಿರಿಯ ಹೋಟೆಲ್ ನೀಲವೇಣಿ ಇಂಟರ್‌ನ್ಯಾಷನಲ್‌ನ ಗಾಜಿನ ಬಾಗಿಲನ್ನು ಒಳಕ್ಕೆ ತಳ್ಳಿದ. ಅದು ಹೊರಕ್ಕೆ ತೆರೆಯುವ ಬಾಗಿಲು. ಒಳಗಿನಿಂದ ಟೈ ಕಟ್ಟಿದವನೊಬ್ಬ ಓಡಿ ಬಂದು, ಅತಿಥಿಯನ್ನು ಬರಮಾಡಿಕೊಳ್ಳಲು ಬಾಗಿಲನ್ನು ಹೊರಕ್ಕೆ ನೂಕಿದ. ಮೌನಪ್ಪ ಇದನ್ನು ವಿರೋಧವೆಂದು ಬಗೆದು ಇನ್ನಷ್ಟು ಜೋರು ಹಾಕಿದ. ಒಂದು ವಸ್ತುವಿನ ಮೇಲೆ ಎರಡು ಸಮಬಲಗಳು ಎದುರುಬದುರಾಗಿ ನಿಂತರೆ ವಸ್ತು ಅಲುಗಾಡುವುದಿಲ್ಲವೆಂದು ಪಾಠದಲ್ಲಿ ಓದಿದವರಿಗೆ ಅಲ್ಲೊಂದು ಒಳ್ಳೆಯ ಉದಾಹರಣೆಯಿತ್ತು. ಗಾಜಿನ ಈಚೆಗೊಂದು ಮುಖ, ಆಚೆಗೊಂದು ಮುಖ. ಎರಡೂ ಬೆವರುತ್ತಿದ್ದವು, ಎರಡೂ ನಗಲು ಪ್ರಯತ್ನಿಸುತ್ತಿದ್ದವು.

"ನೀವು ಬಿಡ್ರಿ," ಎಂದಳು ಹಿಂದೆ ನಿಂತಿದ್ದ ಹೆಂಡತಿ ದೇವಕಮ್ಮ. "ಬಿಟ್ರ ತೆರೀತದ."

ಮೌನಪ್ಪ ಬಿಟ್ಟ. ಟೈ ಕಟ್ಟಿದವನು ಬಾಗಿಲ ಸಮೇತ ಹೊರಗೆ ಬಂದು ಅವನ ಎದೆಗೆ ಬಿದ್ದ. ಅವನೇ ಹೋಟೆಲಿನ ಮ್ಯಾನೇಜರ್ ಅಲ್ಲಾಬಕ್ಷ. ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ತರಬೇತಾದ ಮನುಷ್ಯ. ಬಿದ್ದಲ್ಲಿಂದಲೇ ತಲೆಯೆತ್ತಿ, "ವೆಲ್‌ಕಮ್ ಸರ್. ಇಲ್ಲಿತನಕ ನಿಮ್ಮ ಅನುಭವ ಹೆಂಗಿತ್ತು?" ಎಂದು ಕೇಳಿದ. ಅತಿಥಿಗಳ ಅನುಭವವನ್ನು ಕೇಳದೆ ಬಿಡಬಾರದೆಂದು ಅವನಿಗೆ ಹೈದರಾಬಾದಿನಲ್ಲಿ ಕಲಿಸಿದ್ದರು. ಎಷ್ಟು ಸಲ ಕೇಳಬೇಕೆಂದು ಕಲಿಸಿರಲಿಲ್ಲ.

ಕೆಂಭಾವಿಯ ದರ್ಜಿಯೊಬ್ಬ ಇಂಥ ಹೋಟೆಲಿಗೆ ಬಂದದ್ದು ಹೇಗೆಂದು ಓದುಗರು ಕೇಳುವುದು ನ್ಯಾಯ. ಇದಕ್ಕೆ ಮೂಲ ಕಾಲುವೆ. ಕಾಲುವೆಯ ಹಿಂದೆ ಸುರಪುರ, ಶಹಾಪುರದ ಹೊಲಗಳಿಗೆ ಭತ್ತ ಬಂತು. ಭತ್ತದ ಹಿಂದೆ ಸೊಳ್ಳೆ ಬಂತು. ಇವೆರಡಕ್ಕೂ ಮೊದಲೇ ಗಡಿಯಾಚೆಯಿಂದ ಗುತ್ತಿಗೆದಾರ ಸಾಹುಕಾರರು ಬಂದು ಕೆಂಭಾವಿಯಲ್ಲಿ ಕ್ಯಾಂಪ್ ಹಾಕಿದ್ದರು. ಅವರ ಅಂಗಿಗಳನ್ನು ಹೊಲಿಯುತ್ತಿದ್ದವನು ಮೌನಪ್ಪ. ಕಾಲುವೆ ಮುಗಿದ ಮೇಲೆ ಸಾಹುಕಾರರು ಯಾದಗಿರಿಯಲ್ಲಿ ಈ ಹೋಟೆಲು ಕಟ್ಟಿಸಿ, ಪರದೆ ಹೊಲಿಯಲು ಹಳೆಯ ವಿಶ್ವಾಸದಿಂದ ಅವನನ್ನೇ ಕರೆಸಿದರು.

ಮೌನಪ್ಪನ ಅಳತೆ ಎಂದೂ ತಪ್ಪಿದ್ದಲ್ಲ. ತಪ್ಪುವುದು ಕತ್ತರಿ. ಟೇಪು ಹಿಡಿದಾಗ ಅವನಷ್ಟು ಖಚಿತ ಮನುಷ್ಯ ಮೂರು ತಾಲ್ಲೂಕುಗಳಲ್ಲಿ ಸಿಗುತ್ತಿರಲಿಲ್ಲ. ಕತ್ತರಿ ಕೈಗೆ ಬಂದೊಡನೆ ಅವನ ಗಮನ ಬೇರೆಲ್ಲೋ ಹೋಗುತ್ತಿತ್ತು. ಹೋಟೆಲಿನ ಕಿಟಕಿಗಳು ನೆಲದಿಂದ ಮಾಡಿನ ತನಕ ಗಾಜಿನವು. ಪರದೆಗಳೆಲ್ಲ ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಂತವು. ಸಾಹುಕಾರರು ನೋಡಿ ನಕ್ಕು, "ಇರ್ಲಿ ಬಿಡೋ, ಗಾಳಿ ಆಡ್ತದ. ಒಂದಿನ ಹೆಂಡ್ತೀನ ಕರ್ಕೊಂಡು ಬಾ, ಇದ್ದು ಹೋಗು," ಎಂದರು. ಇದು ಎಲ್ಲರೂ ಎಲ್ಲರಿಗೂ ಹೇಳುವ, ಯಾರೂ ನಂಬದ ಮಾತು. ಮೌನಪ್ಪ ನಂಬಿದ.

ನಂಬಲು ಕಾರಣವಿತ್ತು. ಪರದೆ ಕಟ್ಟುವಾಗ ಅವನು ಅಲ್ಲಿ ಸ್ನಾನದ ಟಬ್ಬು ಕಂಡಿದ್ದ. ಮನುಷ್ಯ ಕಾಲು ಚಾಚಿ ಮಲಗುವಷ್ಟು ದೊಡ್ಡ ಬಿಳಿಯ ತೊಟ್ಟಿ. ಅಭ್ಯಾಸಬಲದಿಂದ ಟೇಪು ಹಿಡಿದು ಅಳೆದು, ಮನೆಗೆ ಹೋಗಿ ಹೆಂಡತಿಗೆ ವರದಿ ಒಪ್ಪಿಸಿದ: ಉದ್ದ ಅರವತ್ತು ಇಂಚು, ಆಳ ಹದಿನೆಂಟು. ದೇವಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಈ ಕಡೆ ತಿರುಗದೆ ಕೇಳಿದಳು:

"ಅದರಾಗ ಕುಂತ್ರ ನೀರು ಎಲ್ಲಿತನಕ ಬರ್ತದ?"

ಲೆಕ್ಕದ ಪ್ರಕಾರ ಎದೆಯ ತನಕ ಬರಬೇಕು. ಆದರೆ ಆ ಬೆನ್ನನ್ನು ನೋಡುತ್ತ ಮೌನಪ್ಪನಿಗೆ ಎದೆ ಎನ್ನಲು ಬಾಯಿ ಬರಲಿಲ್ಲ.

"ಕುತ್ತಿಗಿ ತನಕ," ಎಂದ.

ಅವತ್ತು ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಅವರ ಸಂಸಾರದಲ್ಲಿ ಅದೇ ಮೊದಲನೆಯ ಕರಕು ರೊಟ್ಟಿ.

ದೇವಕಮ್ಮ ಕೃಷ್ಣೆಯ ದಂಡೆಯ ಹುಡುಗಿ. ತಂದೆ ಅಮರಪ್ಪ ಹರಿಗೋಲು ಹಾಕುತ್ತಿದ್ದವನು. ನಡೆಯುವುದಕ್ಕೂ ಮೊದಲು ಅವಳು ಈಜಿದ್ದಳು ಎಂಬುದು ಅವಳ ತವರಿನವರ ಹೇಳಿಕೆ. ವೈದ್ಯಶಾಸ್ತ್ರ ಒಪ್ಪಲಿ ಬಿಡಲಿ. ಅಣೆಕಟ್ಟು ಕಟ್ಟಿದ ಮೇಲೆ ಆ ಊರು ಮೇಲಿನ ದಿಬ್ಬಕ್ಕೆ ಹೋಯಿತು. ಅವಳು ಮುಳುಗುತ್ತಿದ್ದ ಮೆಟ್ಟಿಲುಗಳು ತಾವೇ ಮುಳುಗಿದವು. ಅವಳು ಕೆಂಭಾವಿಗೆ ಬಂದು, ಒಂದು ಬಕೀಟು, ಒಂದು ಚರಿಗೆ ಎಂಬ ಸಂಸಾರಕ್ಕೆ ಹೊಂದಿಕೊಂಡಳು. ಅದೇ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಊರ ಪಕ್ಕಕ್ಕೇ ಬರುತ್ತದಲ್ಲ, ಅಲ್ಲೇ ಮುಳುಗು ಎಂದು ಮೌನಪ್ಪ ಒಮ್ಮೆ ಹೇಳಿದ್ದ. "ಆ ನೀರಿಗಿ ಅವಸರ ಭಾಳ. ಮನುಷ್ಯಾರ ಕೂಡ ನಿಲ್ಲಂಗಿಲ್ಲ ಅದು," ಎಂದಿದ್ದಳು. ಆ ಮಾತು ಅಲ್ಲಿಗೇ ಮುಗಿದಿತ್ತು. ರೊಟ್ಟಿ ಕರಕಾದ ದಿನ ಅದು ಮುಗಿದಿಲ್ಲವೆಂದು ಅವನಿಗೆ ಗೊತ್ತಾಯಿತು.

ಆದರೆ ಹೆಂಡತಿಗೆ ಸ್ನಾನ ಮಾಡಿಸಲು ಯಾದಗಿರಿಗೆ ಹೊರಟೆನೆಂದು ಓಣಿಯಲ್ಲಿ ಹೇಳುವುದು ಹೇಗೆ? ಯಾದಗಿರಿ ಪಕ್ಕದ ಅಬ್ಬೆತುಮಕೂರಿನ ಮಠಕ್ಕೆ ಹೋಗುತ್ತೇವೆ ಎಂದ. ಪಕ್ಕದ ಮನೆಯ ಸುಗಲಮ್ಮ ತಕ್ಷಣ ಒಂದು ತೆಂಗಿನಕಾಯಿಗೆ ಕುಂಕುಮ ಹಚ್ಚಿ, "ನಂದೂ ಒಂದು ಒಡಸ್ರಿ," ಎಂದು ಕೊಟ್ಟಳು. ಹೀಗೆ ಸುಳ್ಳಿಗೊಂದು ಸಾಮಾನೂ ಜೊತೆಯಾಯಿತು.

ಇನ್ನೂ ದೊಡ್ಡ ತೊಡಕು ಯಾದಗಿರಿಯಲ್ಲೇ ಇತ್ತು. ದೇವಕಮ್ಮನ ಸೋದರಮಾವ ಅಂಬ್ರಪ್ಪ, ರೈಲ್ವೆ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದವನು, ಹೋಟೆಲಿನ ಹಿಂದಿನ ಓಣಿಯಲ್ಲಿ ವಾಸವಾಗಿದ್ದ. ಸೋದರಮಾವನಿರುವ ಊರಿಗೆ ಹೋಗಿ ಹೋಟೆಲಿನಲ್ಲಿ ಇಳಿಯುವುದೆಂದರೆ ಆತನ ಬಾಗಿಲಿಗೆ ಹೋಗಿ ಉಗುಳಿ ಬಂದಂತೆ. ಆದ್ದರಿಂದ ಒಂದು ಸಂಜೆ, ಒಂದು ಬೆಳಗ್ಗೆ ಯಾರ ಕಣ್ಣಿಗೂ ಬೀಳದೆ ರೂಮಿನಲ್ಲಿದ್ದು, ಮರುದಿನ ಹನ್ನೆರಡಕ್ಕೆ ಖಾಲಿ ಮಾಡಿ, ಮಠಕ್ಕೂ ಹೋಗಿ ಊರು ಸೇರುವುದೆಂದು ಮೌನಪ್ಪ ಯೋಜನೆ ಹಾಕಿದ್ದ. ಅಳತೆ ಸರಿಯಾಗಿಯೇ ಇತ್ತು.

ಅಲ್ಲಾಬಕ್ಷ ಸಾಹುಕಾರರಿಗೆ ಫೋನು ಮಾಡಿದ. ಅವರು ಅತ್ತ ಕಡೆಯಿಂದ ಬಹಳ ಹೊತ್ತು ನಕ್ಕು, "ಕೊಡು," ಎಂದರು. ನೆಲಮಹಡಿಯ ನಾಲ್ಕನೇ ನಂಬರಿನ ರೂಮು ಸಿಕ್ಕಿತು.

ಒಳಗೆ ಹೋದೊಡನೆ ಮೌನಪ್ಪ ಟಬ್ಬಿನ ನಲ್ಲಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು. ಅರ್ಧ ಗಂಟೆ ಸುರಿದ ಮೇಲೂ ಟಬ್ಬಿನಲ್ಲಿ ಅಂಗೈ ನೆನೆಯುವಷ್ಟೇ ನೀರಿತ್ತು. "ಇಂಟರ್‌ನ್ಯಾಷನಲ್ ಅಂದ್ರ ಹಿಂಗ ಇರ್ತದ. ಹರಿಯೋ ನೀರು," ಎಂದು ಅವನು ಸಮಾಧಾನ ಹೇಳಿದ. ದೇವಕಮ್ಮ ಬಗ್ಗಿ ನೋಡಿ, ಸರಪಳಿಯಲ್ಲಿ ತೂಗುತ್ತಿದ್ದ ರಬ್ಬರಿನ ಬಿರಡೆಯನ್ನು ಎತ್ತಿ ತಳದ ತೂತಿಗೆ ಒತ್ತಿದಳು. ನೀರು ಏರತೊಡಗಿತು.

ಇಬ್ಬರೂ ಅದನ್ನು ನೋಡುತ್ತ ನಿಂತರು. ಹೊರಗೆ ಏಪ್ರಿಲ್ ಬಿಸಿಲು ಯಾದಗಿರಿಯ ಬಂಡೆಗಳನ್ನು ಸುಡುತ್ತಿತ್ತು. ಒಳಗೆ ನೀರು ಬಿಳಿಯ ಗೋಡೆಯ ಮೇಲೆ ಒಂದೊಂದೇ ಕೂದಲೆಳೆಯಷ್ಟು ಮೇಲೇರುತ್ತಿತ್ತು. ದೇವಕಮ್ಮ ಕೈಚೀಲ ಬಿಚ್ಚಿ ಬದಲಿ ಸೀರೆ ತೆಗೆಯಲು ರೂಮಿಗೆ ಹೋದಳು. ಕಿಟಕಿಯ ಬಳಿ ನಿಂತು ಸೀರೆಯ ಮಡಿಕೆ ಬಿಡಿಸಿದಳು. ಟಬ್ಬು ತುಂಬಿತು. ಮೌನಪ್ಪ ನಲ್ಲಿ ನಿಲ್ಲಿಸಲು ಬಗ್ಗಿದಾಗ ಕಂಕುಳಲ್ಲಿದ್ದ ಸುಗಲಮ್ಮನ ತೆಂಗಿನಕಾಯಿ ಜಾರಿ ನೀರಿಗೆ ಬಿದ್ದು, ಮುಳುಗಿ, ಎದ್ದು ತೇಲಿತು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

"ಯಾರು?" ಎಂದ ಮೌನಪ್ಪ.

"ನಿನ್ನ ಸತ್ತ ಮಾವ!"

ಜೀವಮಾನವೆಲ್ಲ ಬರುವ ರೈಲಿಗೆ ಹೆದರಿ ದೂರದ ಗ್ಯಾಂಗಿನವರನ್ನು ಕೂಗಿದ ಗಂಟಲದು. ಮೌನಪ್ಪ ಬಾಗಿಲು ತೆಗೆದ. ಅಂಬ್ರಪ್ಪ ಮೀಸೆಯ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ಅವನ ಹೆಂಡತಿ ಕರೆಮ್ಮ, ಸೊಂಟದಲ್ಲಿ ಖಾಲಿ ಕೊಡ.

ಕಂಡುಹಿಡಿದವಳು ಕರೆಮ್ಮ. ನೀರು ಹುಡುಕುತ್ತ ಹೋಟೆಲಿನ ಮುಂದೆ ಹಾದುಹೋಗುವಾಗ ಗಿಡ್ಡ ಪರದೆಯ ಕೆಳಗಿನ ಒಂದು ಗೇಣಿನಲ್ಲಿ ಎರಡು ಪಾದಗಳು ಕಂಡಿದ್ದವು. ಬಲಗಾಲಿನ ಹರಡಿನ ಮೇಲೆ ಮೀನಿನ ಹಚ್ಚೆಯಿತ್ತು. ಆ ಮೀನನ್ನು ಅವಳೇ ಮುಂದೆ ನಿಂತು ಹಾಕಿಸಿದ್ದಳು. ಮೌನಪ್ಪನ ಕತ್ತರಿ ಜಗತ್ತಿಗೆ ತೆರೆದು ತೋರಿಸಿದ್ದು ಆ ಒಂದು ಗೇಣನ್ನು. ಮೀನು ಇದ್ದದ್ದೂ ಅಲ್ಲೇ.

"ಯಾದಗಿರಿಯಾಗ ನಾ ಜೀವಂತ ಇರೋವಾಗ ಲಾಡ್ಜಿನಾಗ ಇಳೀತೀರೇನೋ?" ಎಂದ ಅಂಬ್ರಪ್ಪ. "ಲಾಡ್ಜಿನಾಗ ಯಾರು ಇಳೀತಾರ ಹೇಳು? ಕೋರ್ಟ್ ಕೇಸಿನವ್ರು ಇಳೀತಾರ. ಓಡಿ ಬಂದವ್ರು ಇಳೀತಾರ. ನೀವು ಇದರಾಗ ಯಾರು?"

"ಇದು ಲಾಡ್ಜ್ ಅಲ್ಲ ಮಾವಾ. ಇಂಟರ್‌ನ್ಯಾಷನಲ್."

"ಹಂಗಾದ್ರ ದೊಡ್ಡ ಕೇಸೇ ಇರಬೇಕು!"

"ದವಾಖಾನಿಗಿ ಬಂದೀರೇನು?" ಕರೆಮ್ಮ ದೇವಕಮ್ಮನ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು. "ಯವ್ವಾ, ಕಣ್ಣು ಒಳಗ ಹೋಗ್ಯಾವಲ್ಲ! ನಿನ್ನ ಗಂಡ ಏನಾರ ಅಂದಾನೇನು? ಹೊಡದಾನೇನು? ಅದ್ಯಾಕ ಸೀರಿ ಹಿಡ್ಕೊಂಡು ನಿಂತಿ?"

"ಒಣಾ ಹಾಕ್ಬೇಕಂತ, ಅತ್ತಿ."

"ಒಣಗೇ ಅದಲ್ಲ!"

ದೇವಕಮ್ಮ ಸೀರೆಯನ್ನೂ ಗಂಡನನ್ನೂ ನೋಡಿದಳು. ಮೌನಪ್ಪ ಬಾಯಿ ತೆರೆದ. ಸೋದರಮಾವನ ಎದುರಿಗೆ ನಿಂತು, ಹೆಂಡತಿಗೆ ಜಳಕ ಮಾಡಿಸಲು ಬಂದೆ ಎನ್ನುವ ಗಂಡು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೆ ಪೂರಾ ಸುಳ್ಳು ಹೇಳುವ ಚಾತುರ್ಯವೂ ಅವನಿಗಿರಲಿಲ್ಲ. ನಡುವೆ ಎಲ್ಲೋ ಕತ್ತರಿ ಆಡಿಸಿದ.

"ನೀರಿನ ಸಲುವಾಗಿ ಬಂದ್ವಿ ಮಾವಾ. ನಿಮ್ಮ ಓಣ್ಯಾಗ ನೀರಿನ ತ್ರಾಸ ಅದ ಅಂತ ಕೇಳಿದ್ದೆ. ಇಲ್ಲಿ ನೀರು ಭಾಳ ಅದ. ಅದಕ್ಕ..."

ಅದಕ್ಕೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕರೆಮ್ಮ ಸ್ನಾನದ ಮನೆಯಲ್ಲಿ ಇಣುಕಿದ್ದಳು.

"ಯಪ್ಪಾ!"

ನಲ್ಲಿಗೆ ನೀರು ಬಂದು ಎಂಟು ದಿನವಾಗಿದ್ದ ಓಣಿಯ ಹೆಂಗಸು ಅವಳು. ಬಿಳಿಯ ತೊಟ್ಟಿ. ಅಂಚಿನ ತನಕ ತಿಳಿನೀರು. ನಡುವೆ ಕುಂಕುಮ ಹಚ್ಚಿದ ತೆಂಗಿನಕಾಯಿ. ಕರೆಮ್ಮ ಚಪ್ಪಲಿ ಬಿಟ್ಟಳು. ಎರಡೂ ಕೈ ಜೋಡಿಸಿದಳು.

"ಗಂಗೀ ಪೂಜಿ ಮಾಡಿ ನೀರು ತುಂಬಿಸಿಟ್ಟಾರ್ರಿ! ನಮ್ಮ ಸಲುವಾಗಿ!"

ಅಂಬ್ರಪ್ಪನ ಕೈ ಮೀಸೆಯಿಂದ ಇಳಿಯಿತು. ಅವನು ಸ್ನಾನದ ಮನೆಯ ಬಾಗಿಲಿಗೆ ಬಂದು ಇಣುಕಿದ. ಆಮೇಲೆ ಅಳಿಯನ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು. ಆ ದಿನ ಹಿಂದಿನ ಓಣಿಯವರು ಯಾರಾದರೂ ಸುಮ್ಮಸುಮ್ಮನೆ ಖರ್ಚು ಮಾಡಿದ ನೀರು ಅದೊಂದೇ.

"ಅಳಿಯಾ," ಎಂದ. "ನಿನ್ನ ಮದುವ್ಯಾಗ ನೀ ಹೊಲ್ದ ಅಂಗಿ ಹಾಕ್ಕೊಂಡು ನನ್ನ ಕೈ ಮ್ಯಾಲಕ್ಕೇ ಏಳಲಿಲ್ಲ. ಅವತ್ತಿನಿಂದ ನಿನ್ನ ಹಗುರ ತಿಳದಿದ್ದೆ. ತಪ್ಪಾತು."

"ಹಂಗಲ್ಲ ಮಾವಾ, ನಾ ಏನಂದೆ ಅಂದ್ರ..."

"ಏನೂ ಅನಬ್ಯಾಡ!"

ಕರೆಮ್ಮ ಹಾಸಿಗೆಯ ಬಿಳಿಯ ಚಾದರ ಎಳೆದು ತಂದು, ಧೂಳು ಬೀಳದಂತೆ ಟಬ್ಬಿನ ಮೇಲೆ ಮುಚ್ಚಿದಳು. ಬಾಗಿಲಲ್ಲಿ ನಿಂತು ಘೋಷಿಸಿದಳು: "ಕುಡಿಯೋ ನೀರು. ಯಾರೂ ಕೈಕಾಲು ಅದ್ದಬ್ಯಾಡ್ರಿ."

ದೇವಕಮ್ಮ ಬದಲಿ ಸೀರೆಯನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದಳು.

ಆ ರಾತ್ರಿ ಮಾವ ಮಂಚದ ಮೇಲೆ, ಅತ್ತೆ ಸ್ನಾನದ ಮನೆಯ ಹೊಸ್ತಿಲಿಗೆ ಅಡ್ಡಲಾಗಿ, ನೀರಿನ ಕಾವಲಿಗೆ ಮಲಗಿದರು. ಉಳಿದ ಜಾಗದಲ್ಲಿ ಅತಿಥಿಗಳು ಮಲಗಿದರು.

ಬೆಳಗ್ಗೆ ಮೌನಪ್ಪ ಕಣ್ಣು ಬಿಟ್ಟಾಗ ರೂಮಿನ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ, ಮೆತ್ತನೆಯ ಕೆಂಪು ಜಮಖಾನದ ಮೇಲೆ, ಕೊಡಗಳು ಸಾಲಾಗಿ ಕೂತಿದ್ದವು. ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು, ಒಂದು ಮಣ್ಣಿನದು. ಕೊಡಗಳ ಹಿಂದೆ ಹೆಂಗಸರು. ಅವರ ನಡುವೆ ಅಂಬ್ರಪ್ಪ ತನ್ನ ಹಳೆಯ ಹಸಿರು ಬಾವುಟ ಹಿಡಿದು ಓಡಾಡುತ್ತಿದ್ದ.

"ಮನಿಗೆ ಎರಡೇ ಕೊಡ! ನಮ್ಮ ಅಳಿಯ ಕೆಂಭಾವಿಯಿಂದ ಬಂದು ರೂಮು ಹಿಡದಾನ. ತನಗಾಗಿ ಅಲ್ಲ, ನಿಮ್ಮ ಸಲುವಾಗಿ. ಹೆಸರು ಮೌನಪ್ಪ. ಅಂಗಿ ಮಾತ್ರ ಅವನ ಕಡಿ ಹೊಲಸಬ್ಯಾಡ್ರಿ."

ಮೌನಪ್ಪ ಸ್ನಾನದ ಮನೆಗೆ ಓಡಿದ. ನಲ್ಲಿ ಸುರಿಯುತ್ತಿತ್ತು. ಟಬ್ಬಿನ ಪಕ್ಕದಲ್ಲಿ ದೇವಕಮ್ಮ ಮಂಡಿಯೂರಿ, ತಂಬಿಗೆಯಿಂದ ಕೊಡಗಳನ್ನು ತುಂಬುತ್ತಿದ್ದಳು. ತಂಬಿಗೆ ಮುಳುಗಿಸಿದಾಗಲೆಲ್ಲ ಅವಳ ಕೈ ಮೊಣಕೈ ತನಕ ನೀರೊಳಗೆ ಹೋಗುತ್ತಿತ್ತು. ಅಲ್ಲಿ ಅದು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ಇರುತ್ತಿತ್ತು. ಆಮೇಲೆ ಮೇಲೆ ಬರುತ್ತಿತ್ತು.

"ದೇವಿ," ಎಂದು ಮೌನಪ್ಪ ಪಿಸುಗುಟ್ಟಿದ. "ಬಾಗಲ ಹಾಕ್ಲೇನು? ಹೊಟ್ಟಿ ನೋವು ಅಂತೀನಿ."

"ಕೊಡ ಹಿಡ್ಕೊಂಡು ನಿಂತವ್ರ ಮುಂದ ಬಾಗಲ ಹಾಕ್ತಾರೇನ್ರಿ?"

"ಹನ್ನೆರಡಕ್ಕ ರೂಮು ಖಾಲಿ ಮಾಡ್ಬೇಕು."

"ಗೊತ್ತದ," ಎಂದಳು. "ಮುಂದಿನ ಕೊಡ ಕೊಡ್ರಿ."

ಮೌನಪ್ಪ ಕೊಟ್ಟ. ಇನ್ನೇನು ಮಾಡಬಲ್ಲ? ಹೊರಗೆ ಹೋದ, ಒಳಗೆ ಬಂದ. ಬಂದಾಗಲೆಲ್ಲ ಟೇಪಿನಿಂದ ಟಬ್ಬಿನ ನೀರು ಅಳೆದ. ಮೊದಲು ನಲ್ಲಿಯ ಜೋರು ಕೊಡಗಳ ಜೋರಿಗೆ ಸಮನಾಗಿತ್ತು. ಆಮೇಲೆ ಕೊಡಗಳು ಗೆಲ್ಲತೊಡಗಿದವು. ಹಿಂದಿನ ಓಣಿಯ ಸುದ್ದಿ ಪಕ್ಕದ ಓಣಿಗೆ ಹೋಗಿತ್ತು. ಸೈದಾಪುರದಿಂದ ರೈಲಿಗೆ ಬಂದಿಳಿದ ಯಾರೋ ಇಬ್ಬರು, ಇಲ್ಲಿ ಏನು ಹಂಚುತ್ತಾರೆಂದು ತಿಳಿಯದಿದ್ದರೂ, ಸಾಲು ಕಂಡ ಮೇಲೆ ಬಿಡಬಾರದೆಂದು ಸಾಲಿನಲ್ಲಿ ನಿಂತರು.

ಹತ್ತೂವರೆಯ ಹೊತ್ತಿಗೆ ಮೇಲಿನ ಮಹಡಿಯಿಂದ ಒಬ್ಬ ಇಂಜಿನಿಯರ್ ಸಾಹೇಬರು ಟವೆಲು ಸುತ್ತಿಕೊಂಡು, ಮೈತುಂಬ ಸಾಬೂನಿನ ನೊರೆಯೊಂದಿಗೆ ಮೆಟ್ಟಿಲಿಳಿದು ಬಂದರು. "ಮ್ಯಾನೇಜರ್! ನನ್ನ ರೂಮಿನಾಗ ನೀರು ನಿಂತದ!"

ಸಾಲಿನಲ್ಲಿದ್ದ ಒಬ್ಬ ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಸಾಲಿಗಿ ಬಾರಪಾ. ಕೊಡ ಎಲ್ಲದ ನಿಂದು?" ಎಂದಳು.

ಸಾಹೇಬರು ಕಾಲುವೆ ಇಲಾಖೆಯವರು. ನೀರಿಗಾಗಿ ಜನ ತಮ್ಮ ಮುಂದೆ ನಿಲ್ಲುವುದನ್ನು ಕಂಡಿದ್ದರೇ ಹೊರತು, ತಾವು ಜನರ ಹಿಂದೆ ನಿಂತು ಅನುಭವವಿರಲಿಲ್ಲ. ನೊರೆ ಒಣಗುತ್ತಿತ್ತು. ನಿಂತರು.

ಕೊನೆಗೆ ಅಲ್ಲಾಬಕ್ಷ ಬಂದ. ಟೈ ಸರಿಮಾಡಿಕೊಂಡ. ಇಡೀ ಸಾಲನ್ನು ಕಣ್ಣಿನಿಂದ ಅಳೆದ. ಎದುರಿಗೆ ಯಾರೇ ನಿಂತರೂ ಅಭ್ಯಾಸ ಬಿಡದ ಮನುಷ್ಯನಾದ್ದರಿಂದ ಬಾಯಿಂದ ಮೊದಲು ಬಂದದ್ದು, "ನಿಮ್ಮ ಅನುಭವ ಹೆಂಗಿತ್ತು?" ಎಂಬ ಮಾತೇ.

"ನೀರು ಚಲೋ ಅವ," ಎಂದಳು ಮುದುಕಿ. "ನಾಳಿ ತುಸು ಲಗೂನ ಬಿಡ್ರಿ."

"ನಾಳಿ ಇಲ್ಲ! ಇವತ್ತೂ ಇಲ್ಲ! ಸರ್, ಇದು ಇಂಟರ್‌ನ್ಯಾಷನಲ್ ಹೋಟೆಲ್. ಇಲ್ಲಿ ಮಂತ್ರಿಗಳು ಇಳೀತಾರ. ನಾ ಹೈದರಾಬಾದಿನಾಗ ಆರು ವರ್ಷ ಮಾಡೀನಿ, ಕೊಡ ಅನ್ನೋ ಸಾಮಾನು ಲಾಬಿಯಾಗ ಕಂಡಿಲ್ಲ. ಈಗಿಂದೀಗ ಎಲ್ಲಾರೂ ಹೊರಗ! ಯಾರ ಕೊಡ ಇದು? ಇದು ಯಾರ ಕೊಡ? ಈ ಹಸಿರು ಕೊಡ ಯಾರದು?"

"ನಿಮ್ದು," ಎಂಬ ಉತ್ತರ ರೂಮಿನ ಒಳಗಿನಿಂದ ಬಂತು.

ಅಲ್ಲಾಬಕ್ಷ ತಿರುಗಿದ. ಸ್ನಾನದ ಮನೆಯಿಂದ ಒಂದು ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಹೊರಗೆ ಖಾಲಿ ಇಟ್ಟಿದ್ದ ಎರಡನೆಯದಕ್ಕಾಗಿ ಕೈ ಚಾಚಿದವಳು ಅವನ ಹೆಂಡತಿ ಖಾಸಿಂಬೀ.

"ತೂ ಯಾಂ ಕೈಕು ಆಯಿ? ಇಲ್ಲಿಗ್ಯಾಕ ಬಂದಿ?" ಎಂದ ಅವನು, ಬಹಳ ಸಣ್ಣ ದನಿಯಲ್ಲಿ.

"ನಿಮ್ಮವ್ವ ನಮಾಜಿಗಿ ಮೊದಲು ಕೈಕಾಲು ತೊಳ್ಕೊಂಡು ವಜೂ ಮಾಡಾಕ ನೀರಿಲ್ಲಂತ ಮುಂಜಾನಿಂದ ಕುಂತಾಳ. ನೀವು ಇಲ್ಲಿ ಟೈ ಕಟ್ಕೊಂಡು ಊರವ್ರ ಅನುಭವ ಕೇಳ್ಕೋತ ನಿಂತೀರಿ. ನಂದೂ ಕೇಳ್ರಿ. ಹೇಳ್ತೀನಿ."

ಅವನು ಕೇಳಲಿಲ್ಲ. ಹೈದರಾಬಾದಿನಲ್ಲಿ ಕಲಿಸಿದ್ದನ್ನು ಅವನು ಮೀರಿದ್ದು ಅದೊಂದೇ ಸಲ.

ಆಗ ಸ್ನಾನದ ಮನೆಯಿಂದ ಒಂದು ಸದ್ದು ಬಂತು. ನಲ್ಲಿ ಎರಡು ಸಲ ಕೆಮ್ಮಿತು. ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಮಾಳಿಗೆಯ ಮೇಲಿನ ಟಾಕಿ ಬರಿದಾಗಿತ್ತು. ಟ್ಯಾಂಕರು ಬರುವುದು ಮಧ್ಯಾಹ್ನ ಮೂರಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು.

ಮೌನಪ್ಪ ಒಳಗೆ ಹೋಗಿ ಟೇಪು ಇಳಿಸಿದ. ಟಬ್ಬಿನ ತಳದಲ್ಲಿ ಮೂರು ಇಂಚು ನೀರು ಉಳಿದಿತ್ತು. ಅದರ ಮೇಲೆ ತೆಂಗಿನಕಾಯಿ, ಇನ್ನು ತೇಲಲೂ ಆಗದೆ, ಒಂದು ಪಕ್ಕ ತಳಕ್ಕೆ ತಾಗಿಸಿಕೊಂಡು ಕೂತಿತ್ತು. ಅವನು ಟೇಪು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ದೇವಿ, ನಾ ನಿನಗ ಕುತ್ತಿಗಿ ತನಕ ಅಂದಿದ್ದೆ."

"ಇರ್ಲಿ ಬಿಡ್ರಿ," ಎಂದಳು ದೇವಕಮ್ಮ. ತಂಬಿಗೆ ಬೋರಲು ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಲಿಲ್ಲ. ಹಾಗೇ ಆರಲು ಬಿಟ್ಟು ಎದ್ದಳು.

ಖಾಸಿಂಬೀ ಅವಳನ್ನೇ ನೋಡುತ್ತಿದ್ದಳು. ಮೊಣಕೈಯ ಮೇಲೆ ಒಣಗಿದ ಧೂಳು, ಮೊಣಕೈಯ ಕೆಳಗೆ ಹೊಳೆಯುವ ಚರ್ಮ; ನಡುವೆ ಬಳೆ ತೊಟ್ಟಂತೆ ಒಂದು ಗೆರೆ.

"ಅಕ್ಕಾ," ಎಂದಳು. "ಊರಿಗೆಲ್ಲ ಹಾಕಿದ್ರಿ. ನಿಮ್ಮ ಜಳಕ ಆಗ್ಯದೇನು?"

ನಿನ್ನೆ ಸಂಜೆಯಿಂದ ಆ ರೂಮಿನೊಳಗೆ ಬಂದುಹೋದವರಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ದೇವಕಮ್ಮ ಚೀಲದ ಕಡೆ ನೋಡಿದಳು. ತೆರೆದ ಚೀಲದಲ್ಲಿ ಬದಲಿ ಸೀರೆ ಮಡಿಕೆ ಕೆಡದೆ ಇತ್ತು. ಖಾಸಿಂಬೀ ಅದನ್ನೂ ನೋಡಿದಳು, ಟಬ್ಬನ್ನೂ ನೋಡಿದಳು. ಹೆಂಗಸರಿಗೆ ಕೆಲವು ಲೆಕ್ಕಗಳು ಕೂಡಿಸದೆಯೇ ಬಗೆಹರಿಯುತ್ತವೆ. ಸೊಂಟದ ಮೇಲಿನ ಕೊಡ ಇಳಿಸಿ, ಬಗ್ಗಿಸಿ, ಟಬ್ಬಿಗೆ ಸುರಿದಳು.

"ಯವ್ವಾ, ಏನು ಮಾಡಾಕತ್ತಿ? ಕುಡಿಯೋ ನೀರು ಅದು!" ಕರೆಮ್ಮ ಓಡಿ ಬಂದಳು.

"ಕುಡಿಯೋದಲ್ಲ, ಅತ್ತಿ," ಎಂದಳು ಖಾಸಿಂಬೀ, ನೆಂಟಸ್ತಿಕೆಯನ್ನು ನಿಂತಲ್ಲೇ ಹುಟ್ಟಿಸಿಕೊಂಡು. "ಇದರಾಗ ಮಲಗಿ ಜಳಕ ಮಾಡ್ತಾರ. ನಮ್ಮವ್ರು ಹೈದರಾಬಾದಿನಾಗ ನೋಡ್ಯಾರ. ಪಾಪ, ಈಕಿ ಅದಕ್ಕಂತಲೇ ಬಂದಾಳ."

ಕರೆಮ್ಮ ಸೊಸೆಯನ್ನು ನೋಡಿದಳು. ನಿನ್ನೆ ಸಂಜೆಯ ಒಣಗಿದ ಸೀರೆ ಅವಳಿಗೆ ಈಗ ಅರ್ಥವಾಯಿತು.

"ಹುಚ್ಚ ಹುಡುಗಿ! ಬಾಯಿ ಬಿಡಬಾರದೇನು?" ಎಂದು ಬೈದಳು. "ಹೊಳ್ಯಾಗಿಂದ ಕೂದಲ ಹಿಡಿದು ಎಳದ್ರೂ ಬರ್ತಿರಲಿಲ್ಲ ನೀನು. ನಾನೇ ಎಳೀತಿದ್ದೆನಲ್ಲ! ನನಗಾರ ಹೇಳಬಾರದೇನು?"

ಬೈಯುತ್ತಲೇ ತನ್ನ ಕೊಡ ಸುರಿದಳು. ಹೊರಗೆ ಹೋಗುತ್ತಿದ್ದ ಇಬ್ಬರನ್ನು ತಡೆದು ಅವರ ಕೊಡಗಳನ್ನೂ ಸುರಿಸಿದಳು; ಅವರಿಗೆ ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ. ಐದನೆಯ ಕೊಡ ಸಿಗಲಿಲ್ಲ. ಇಂಜಿನಿಯರ್ ಸಾಹೇಬರ ಸರದಿ ಬರುವ ಮೊದಲೇ ಸಾಲು ಕರಗಿತ್ತು. ಅವರು ಟವೆಲಿನಿಂದ ನೊರೆ ಒರೆಸಿಕೊಳ್ಳುತ್ತ ಮೆಟ್ಟಿಲೇರಿದರು. ಖಾಸಿಂಬೀ ಎಲ್ಲರನ್ನೂ ಹೊರಗೆ ಹಾಕಿ ರೂಮಿನ ಬಾಗಿಲೆಳೆದು, ತನ್ನ ಖಾಲಿ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಗಂಡನಿಗೆ ಹೇಳಿದಳು: "ನಿಮ್ಮ ಗಡಿಯಾರಕ್ಕ ಹೇಳ್ರಿ, ತುಸು ತಡಿ ಅಂತ."

ದೇವಕಮ್ಮ ಹೊಳೆಯಲ್ಲಿ ಇಳಿಯುತ್ತಿದ್ದ ಹಾಗೆ, ಉಟ್ಟ ಸೀರೆಯಲ್ಲೇ ಟಬ್ಬಿಗೆ ಇಳಿದಳು. ಮೌನಪ್ಪ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಆ ಗೋಡೆಯ ಬಿಳಿ ಹಂಚುಗಳನ್ನು ನೋಡುತ್ತ ಮಾತಾಡಿದ.

"ನನಗ ಗೊತ್ತಿತ್ತು ದೇವಿ. ತುಂಬಾ ತುಂಬಿದ್ರೂ ಎದಿಗೇ ಬರ್ತಿತ್ತು. ಕುತ್ತಿಗಿ ತನಕ ಅಂತ ನಾನೇ ಹೆಚ್ಚಿಗಿ ಹೇಳಿದ್ದೆ. ಈಗ ನೋಡು, ಸೊಂಟಕ್ಕೂ ಬರಲಿಲ್ಲ. ಯಾವುದನ್ನೂ ನಾ ಸರಿಯಾಗಿ ಕತ್ತರಿಸ್ಲೇ ಇಲ್ಲ."

ಹೊರಗೆ ಅಂಬ್ರಪ್ಪನ ಗಂಟಲು ಎದ್ದಿತು: "ಏ ಅಳಿಯಾ! ಹನ್ನೆರಡಾತೋ! ಊಟಕ್ಕ ಮನಿಗಿ ಬರ್ರೀ!"

"ದೇವಿ?"

ನೀರಿನ ಸದ್ದೂ ಇಲ್ಲ. ಮೌನಪ್ಪ ಗಾಬರಿಯಿಂದ ತಿರುಗಿದ.

ಅವಳು ಕೂತಿರಲಿಲ್ಲ. ಮಂಡಿ ಮಡಚಿ ಅಂಗಾತ ಮಲಗಿದ್ದಳು. ತಲೆಯನ್ನು ನೀರಿನಲ್ಲಿ ತೇಲಬಿಟ್ಟು ಕಣ್ಣು ಮುಚ್ಚಿದ್ದಳು. ಬಿಚ್ಚಿದ ಕೂದಲು ಸುತ್ತಲೂ ಹರಡಿ ಮೆಲ್ಲಗೆ ಆಡುತ್ತಿತ್ತು. ಕಣ್ಣು, ಮೂಗು, ಬಾಯಿ ಮಾತ್ರ ಮೇಲೆ. ಎರಡೂ ಕಿವಿಗಳು ನೀರೊಳಗಿದ್ದವು. ಕಾಲ ಬುಡದಲ್ಲಿ, ಹಚ್ಚೆಯ ಮೀನಿನ ಪಕ್ಕದಲ್ಲಿ, ಸುಗಲಮ್ಮನ ತೆಂಗಿನಕಾಯಿ ಮತ್ತೆ ತೇಲುತ್ತಿತ್ತು.

ಹೊರಗೆ ಅಂಬ್ರಪ್ಪ ಇನ್ನೊಮ್ಮೆ ಕೂಗಿದ. ದೇವಕಮ್ಮ ಕಣ್ಣು ಬಿಟ್ಟು ತಲೆಯನ್ನು ತುಸುವೇ ಎತ್ತಿದಳು.

"ಕೇಳಿದ್ರೇನು?"

"ಮಾವ. ಊಟಕ್ಕ ಕರ್ಯಾಕತ್ತಾನ."

"ಅಲ್ಲ. ನೀರಿನ ಒಳಗ ಬ್ಯಾರೆ ಕೇಳ್ತದ. ಆ ದಂಡೀಲಿಂದ ಯಾರೋ ಹರಗೋಲ ಕರದಂಗ ಕೇಳ್ತದ. ಹಿಂಗ ಕರೀತಿದ್ರು. ಅಪ್ಪ ಒಂದು ಸಲಕ್ಕ ಹೋಗ್ತಿರಲಿಲ್ಲ."

"ಯಾಕ?"

"ನಾ ಇನ್ನೂ ನೀರಾಗ ಇರ್ತಿದ್ದೆ. ಇನ್ನೊಂದು ಸಲ ಕರೀಲಿ ಅಂತಿದ್ದ."

ಅಷ್ಟು ಹೇಳಿ ಮತ್ತೆ ತಲೆ ಇಳಿಸಿದಳು. ಕಿವಿ ಮುಳುಗಿದವು.

ಮೌನಪ್ಪ ಎದ್ದು ರೂಮು ದಾಟಿ, ಹೊರಬಾಗಿಲಿಗೆ ಬಾಯಿ ಹಚ್ಚಿದ.

"ಮಾವಾ."

"ಏನೋ?"

"ಇನ್ನೊಮ್ಮಿ ಕರೀರಿ."

"ಕೇಳಿಸ್ತಲ್ಲ ನಿನಗ!"

"ಕೇಳಿಸ್ತು. ಆದ್ರೂ ಕರೀರಿ. ತುಸು ದೂರ ಹೋಗಿ ಕರೀರಿ."

ಅಳಿಯನ ವಿಚಾರದಲ್ಲಿ ಅಂಬ್ರಪ್ಪ ಆಶ್ಚರ್ಯಪಡುವುದನ್ನು ನಿನ್ನೆಯೇ ಬಿಟ್ಟಿದ್ದ. ಪಡಸಾಲೆಯ ಆ ತುದಿಗೆ ನಡೆದುಹೋಗಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ರೈಲು ಬರುವಾಗ ಕೂಗುತ್ತಿದ್ದ ಹಾಗೆ ಉದ್ದಕ್ಕೆ ಎಳೆದು ಕೂಗಿದ. ಮೇಲಿನ ಮಹಡಿಯಲ್ಲಿ ಬಾಗಿಲುಗಳು ತೆರೆದುಕೊಂಡವು. ಅಲ್ಲಾಬಕ್ಷ ಬಾಯಿ ತೆರೆದ, ಖಾಸಿಂಬೀ ಬೆರಳೆತ್ತಿದಳು, ಅವನು ಮುಚ್ಚಿದ.

ಮೌನಪ್ಪ ಸ್ನಾನದ ಮನೆಗೆ ಮರಳಿದ. ದೇವಕಮ್ಮ ಅಲುಗಾಡಲಿಲ್ಲ. ನಗುತ್ತಿದ್ದಳೋ ಏನೋ, ಬಾಯಿಯ ಪಕ್ಕದಲ್ಲಿ ನೀರು ಒಂದು ಸಣ್ಣ ಸುತ್ತು ಬರೆಯಿತು. ಅವನು ಸದ್ದಾಗದಂತೆ ಮಂಡಿಯೂರಿ, ಜೇಬಿನಿಂದ ಟೇಪು ತೆಗೆದು, ಅವಳ ಮುಳುಗಿದ ಕುತ್ತಿಗೆಯ ಪಕ್ಕದಲ್ಲಿ ತಳಕ್ಕೆ ತಾಗುವ ತನಕ ಇಳಿಸಿದ.

ನೀರು ಏಳೂಮುಕ್ಕಾಲು ಇಂಚು ಇತ್ತು.